ಥೀನ್ ಮತ್ತು ಕೆಫೀನ್: ಒಂದು ವಿದ್ಯಾರ್ಥಿ ಪ್ರಯೋಗದ ಪೂರ್ವಚರಿತ್ರೆ

ಕಾಲೇಜಿನಲ್ಲಿ ರಸಾಯನಶಾಸ್ತ್ರವನ್ನು ಅಭ್ಯಾಸ ಮಾಡಿದ ವಾಚಕರಲ್ಲಿ ಅನೇಕರಿಗೆ ಚಹಾದ ಎಲೆಯಿಂದ ಕೆಫೀನನ್ನು ಬೇರ್ಪಡಿಸಿದ ಒಂದು ಮಧ್ಯಾಹ್ನದ ನೆನಪು ಇದ್ದೇ ಇರಬೇಕು. ಇಪ್ಪತ್ತೈದು ಗ್ರಾಂ ಚಹಾಪುಡಿಯನ್ನು ತೂಗಿ, ನೀರಿನಲ್ಲಿ ಸೋಡಾ ಕಾರ್ಬನೇಟಿನೊಡನೆ ಕುದಿಸಿ, ಬಟ್ಟೆಯಲ್ಲಿ ಹಿಂಡಿ ಸೋಸಿ, ಕಪ್ಪಗಿನ ಕಷಾಯವನ್ನು ಆರಿಸಿ, ಆಲಿಕೆಯಲ್ಲಿ ಕ್ಲೋರೋಫಾರಂ ಸೇರಿಸಿ ಕುಲುಕಿ, ಕೆಳಗೆ ನಿಂತ ಪದರವನ್ನು ಇಳಿಸಿಕೊಂಡು, ಅದನ್ನು ಆವಿಯಾಗಿಸಿದಾಗ ತಟ್ಟೆಯ ತಳದಲ್ಲಿ ತುಸು ಹಸಿರು ಛಾಯೆಯ ಬಿಳಿಯ ಲೇಪವೊಂದು ಉಳಿಯುತ್ತದೆ. ಪ್ರಯೋಗವೆಂದರೆ ಇಷ್ಟೆ. ಇದು ಎಷ್ಟು ಸಾಮಾನ್ಯವಾಗಿಬಿಟ್ಟಿದೆಯೆಂದರೆ, ಇದಕ್ಕೂ ಒಂದು ಚರಿತ್ರೆಯಿದೆಯೆಂಬುದೇ ಯಾರಿಗೂ ಹೊಳೆಯುವುದಿಲ್ಲ. ಅಡಿಗೆಯ ವಿಧಿಯಂತೆ ಅದನ್ನು ಬರೆದುಕೊಳ್ಳುತ್ತೇವೆ, ಮಾಡುತ್ತೇವೆ, ಇಷ್ಟು ತೂಕ ಬಂದಿತೆಂದು ದಾಖಲೆಪುಸ್ತಕದಲ್ಲಿ ನಮೂದಿಸಿ ಮನೆಗೆ ಹೋಗುತ್ತೇವೆ.

ಈ ಪ್ರಯೋಗದ ಒಂದೊಂದು ಹೆಜ್ಜೆಯೂ ಒಂದಾನೊಂದು ಕಾಲದಲ್ಲಿ ವಿವಾದದ ವಿಷಯವಾಗಿದ್ದಿತು. ಅದಕ್ಕಿಂತ ಮುಖ್ಯವಾಗಿ, ಇಂದು ನಾವು ಇದನ್ನು ಯಾವ ಉದ್ದೇಶಕ್ಕಾಗಿ ಮಾಡುತ್ತೇವೆಯೋ ಆ ಉದ್ದೇಶಕ್ಕಾಗಿ ಇದು ಹುಟ್ಟಲಿಲ್ಲ. ಎಲೆಯಲ್ಲಿ ಕೆಫೀನ್ ಇದೆಯೆಂದು ಮೊದಲೇ ತಿಳಿದು ಅದನ್ನು ಹೊರತೆಗೆಯುವುದು ಇಂದಿನ ವಿದ್ಯಾರ್ಥಿಯ ಕೆಲಸ. ಎಲೆಯಲ್ಲಿರುವುದು ಕೆಫೀನೇ ಹೌದೆ ಎಂಬುದನ್ನು ನಿರ್ಧರಿಸುವುದು 1838ರ ರಸಾಯನಜ್ಞರ ಕೆಲಸವಾಗಿದ್ದಿತು. ಎರಡು ಬೇರೆ ಬೇರೆ ಗಿಡಗಳಿಂದ ಬಂದ, ಎರಡು ಬೇರೆ ಹೆಸರು ಹೊತ್ತ ಎರಡು ಬಿಳಿಯ ಪುಡಿಗಳು ಒಂದೇ ವಸ್ತುವೆಂದು ಹೇಳಲು ನಮಗೇನು ಅಧಿಕಾರ? ಈ ಪ್ರಶ್ನೆಗೆ ಆಗ ದೊರೆತ ಉತ್ತರ ಸಂಪೂರ್ಣವಾಗಿ ತಕ್ಕಡಿಯ ಮೇಲೆ, ಎಂದರೆ ಕಂಡ ಸಂಖ್ಯೆಯನ್ನು ಕಂಡಂತೆ ಬರೆದಿಡುವ ಅಭ್ಯಾಸದ ಮೇಲೆ, ನಿಂತಿದ್ದಿತು.

ಮೊದಲು ಕೆಫೀನ್ ದೊರೆತದ್ದು ಚಹಾದಲ್ಲಲ್ಲ, ಕಾಫಿಯಲ್ಲಿ. ಫ್ರೀಡ್ಲೀಪ್ ಫರ್ಡಿನಂಡ್ ರುಂಗೆ ಎಂಬ ಇಪ್ಪತ್ತೈದರ ಆಸುಪಾಸಿನ ಜರ್ಮನ್ ತರುಣನು ಯೇನಾ ನಗರದಲ್ಲಿ ಡೋಬರೈನರನ ಬಳಿ ವ್ಯಾಸಂಗ ಮಾಡುತ್ತಿದ್ದನು. ಕೆಲವು ವಿಷಸಸ್ಯಗಳ ರಸವನ್ನು ಕಣ್ಣಿಗೆ ಬಿಟ್ಟರೆ ಪಾಪೆ ಅರಳುವುದೆಂಬುದನ್ನು ಅವನು ಬೆಕ್ಕಿನ ಕಣ್ಣಿನ ಮೇಲೆ ಪರೀಕ್ಷಿಸಿ ತೋರಿಸುತ್ತಿದ್ದನು. ಈ ಸುದ್ದಿ ಕವಿ ಗಯಟೆಯ ಕಿವಿಗೆ ಬಿದ್ದು, 1819ರಲ್ಲಿ ರುಂಗೆಗೆ ಕರೆ ಬಂದಿತು. ಎರವಲು ಅಂಗಿ ತೊಟ್ಟು, ಬೆಕ್ಕನ್ನು ಕಂಕುಳಲ್ಲಿರಿಸಿಕೊಂಡು ಊರ ಬೀದಿಯಲ್ಲಿ ನಡೆದು ಹೋಗಿ ಅವನು ಮಹಾಕವಿಯ ಮುಂದೆ ಪ್ರಯೋಗವನ್ನು ಮಾಡಿ ತೋರಿಸಿದನು. ಪ್ರಸನ್ನನಾದ ಗಯಟೆ, ತನಗೆ ಒಬ್ಬ ಗ್ರೀಕನಿಂದ ಬಂದಿದ್ದ ಕಾಫಿ ಬೀಜಗಳ ಪೆಟ್ಟಿಗೆಯನ್ನು ಅವನ ಕೈಯಲ್ಲಿಟ್ಟು, ಇವನ್ನೂ ಪರೀಕ್ಷಿಸಿ ನೋಡು ಎಂದನಂತೆ. ಅದರ ಮರುವರ್ಷ, 1820ರಲ್ಲಿ ಪ್ರಕಟವಾದ ತನ್ನ ಸಸ್ಯರಸಾಯನದ ಗ್ರಂಥದಲ್ಲಿ ರುಂಗೆ ಕಾಫಿಯ ಪ್ರತ್ಯಾಮ್ಲವೊಂದನ್ನು ವರ್ಣಿಸಿದನು.

ಕಥೆ ರಮ್ಯವಾಗಿದೆ, ಕೆಫೀನಿನ ವಿಷಯವಾಗಿ ಯಾರು ಏನು ಬರೆದರೂ ಈ ಬೆಕ್ಕು ಅಲ್ಲಿ ಬಂದೇ ಬರುತ್ತದೆ. ಆದರೆ ಚರಿತ್ರೆಯ ದೃಷ್ಟಿಯಿಂದ ಒಂದು ಎಚ್ಚರಿಕೆಯ ಮಾತು ಅವಶ್ಯಕ. ಈ ಭೇಟಿಯ ವಿವರಗಳು ನಮಗೆ ದೊರೆಯುವುದು ರುಂಗೆಯ ಸ್ವಂತ ಬರಹದಲ್ಲಿ, ಅದೂ ಅವನ ವೃದ್ಧಾಪ್ಯದ ಬರಹದಲ್ಲಿ. ಘಟನೆಗೂ ಬರವಣಿಗೆಗೂ ನಡುವೆ ನಾಲ್ಕು ದಶಕಗಳಿಗಿಂತ ಹೆಚ್ಚು ಅಂತರವುಂಟು. ಕಲ್ಲಿದ್ದಲ ಕೀಲಿನಿಂದ ಅನಿಲೀನನ್ನೂ ಫೀನಾಲನ್ನೂ ಬೇರ್ಪಡಿಸಿಕೊಟ್ಟು, ಬಣ್ಣದ ಉದ್ಯಮಕ್ಕೆ ಕಚ್ಚಾವಸ್ತುವನ್ನು ತೋರಿಸಿದ ಈ ಮನುಷ್ಯನು 1867ರಲ್ಲಿ ಬಡತನದಲ್ಲಿ ತೀರಿಕೊಂಡನು. ಅಂಥವನು ತನ್ನ ಯೌವನದ ಆ ಒಂದು ದಿನವನ್ನು ಪ್ರೀತಿಯಿಂದ ತುಸು ತಿದ್ದಿ ತೀಡಿದ್ದರೆ ನಾವು ಆಕ್ಷೇಪಿಸಬೇಕಾದ್ದೇನೂ ಇಲ್ಲ. ಭೇಟಿ ನಡೆದದ್ದು ನಿಜ. ಬೀಜಗಳು ಕೈಸೇರಿದ್ದು ನಿಜ. ಯೆಮನಿನ ಮೋಕಾದಿಂದ ಬಾಬಾಬುಡನರು ಏಳು ಬೀಜಗಳನ್ನು ತಂದು ನಮ್ಮ ಚಂದ್ರದ್ರೋಣ ಪರ್ವತದಲ್ಲಿ ಬಿತ್ತಿದರೆಂಬ ಐತಿಹ್ಯವನ್ನು ಕೇಳಿ ಬೆಳೆದ ಕನ್ನಡಿಗರಿಗೆ, ಕೈಯಿಂದ ಕೈಗೆ ದಾಟಿದ ಹಿಡಿ ಬೀಜಗಳಿಂದ ದೊಡ್ಡ ಕಥೆಯೊಂದು ಮೊದಲಾಗುವುದು ಹೊಸದೇನೂ ಅಲ್ಲ.

ಇತ್ತ ಪ್ಯಾರಿಸಿನಲ್ಲಿ ಇದೇ ವಸ್ತುವಿಗೆ ಬೇರೊಂದು ದಾರಿಯಿಂದ ಬಂದು ಮುಟ್ಟಿದವರಿದ್ದರು. ಪೆಲ್ಟಿಯೇ ಮತ್ತು ಕಾವಾಂಟೂ ಇಬ್ಬರೂ 1820ರಲ್ಲಿ ಸಿಂಕೋನ ತೊಗಟೆಯಿಂದ ಕ್ವಿನೀನನ್ನು ಬೇರ್ಪಡಿಸಿದ್ದರು. ಸಸ್ಯಶಾಸ್ತ್ರಜ್ಞರ ವರ್ಗೀಕರಣದಲ್ಲಿ ಸಿಂಕೋನ ಮತ್ತು ಕಾಫಿ ಒಂದೇ ಕುಟುಂಬದವು. ದಾಯಾದಿಗಳಾದ ಗಿಡಗಳಲ್ಲಿ ಒಂದೇ ಬಗೆಯ ಔಷಧವಿರಬೇಕು, ಆದಕಾರಣ ಕಾಫಿಯಲ್ಲಿಯೂ ಕ್ವಿನೀನ್ ಸಿಕ್ಕೀತೆಂಬುದು ಅಂದಿನ ತರ್ಕ. ಜ್ವರದ ಮದ್ದಿಗಾಗಿ ಯೂರೋಪು ದಕ್ಷಿಣ ಅಮೆರಿಕದ ತೊಗಟೆಗೆ ಬಾಯಿಬಿಟ್ಟು ನಿಂತಿದ್ದ ಕಾಲವದು. ಕಾಫಿಯಲ್ಲಿ ಕ್ವಿನೀನ್ ಸಿಕ್ಕಿದ್ದರೆ ಅದರ ಬೆಲೆಯೇ ಬೇರೆಯಾಗುತ್ತಿದ್ದಿತು. 1821ರಲ್ಲಿ ರೋಬಿಕೆ ಎಂಬವನು ಕಾಫಿಯನ್ನು ಪರೀಕ್ಷಿಸಿದಾಗ ಕ್ವಿನೀನ್ ಸಿಕ್ಕಲಿಲ್ಲ. ರೇಷ್ಮೆಯ ಎಳೆಯಂಥ ಬಿಳಿಯ ಹರಳುಗಳು ಸಿಕ್ಕಿದುವು. ಪೆಲ್ಟಿಯೇ ಮತ್ತು ಕಾವಾಂಟೂ ಕೂಡ ಅದೇ ಸುಮಾರಿಗೆ ಅದನ್ನು ಕಂಡರು. ತರ್ಕ ತಪ್ಪಾಗಿದ್ದಿತು, ಫಲ ಸರಿಯಾಗಿದ್ದಿತು. ಗಿಡಗಳ ನಂಟಸ್ತಿಕೆಯಿಂದ ವಸ್ತುಗಳ ನಂಟಸ್ತಿಕೆಯನ್ನು ಊಹಿಸುವುದು ಎಷ್ಟು ಅಪಾಯಕರವೆಂಬುದಕ್ಕೆ ಕೆಫೀನಿಗಿಂತ ಒಳ್ಳೆಯ ನಿದರ್ಶನ ದೊರೆಯಲಾರದು. ಆ ಮಾತಿಗೆ ಮುಂದೆ ಬರೋಣ.

ಚಹಾದ ಸರದಿ ಬಂದದ್ದು 1827ರಲ್ಲಿ. ಊದ್ರಿ ಎಂಬವನು ಚಹಾದ ಎಲೆಯಿಂದ ಹರಳಾಗುವ ವಸ್ತುವೊಂದನ್ನು ಬೇರ್ಪಡಿಸಿ, ಚಹಾದ ಫ್ರೆಂಚ್ ಹೆಸರಿನಿಂದ ಅದಕ್ಕೆ ಥೀನ್ ಎಂದು ನಾಮಕರಣ ಮಾಡಿದನು. ಕಾಫಿಯಿಂದ ಬಂದದ್ದು ಕೆಫೀನ್, ಚಹಾದಿಂದ ಬಂದದ್ದು ಥೀನ್. ಹೆಸರು ಎರಡಾದ ಮೇಲೆ ವಸ್ತುವೂ ಎರಡೆಂದು ಜನ ನಂಬಿದ್ದರಲ್ಲಿ ಆಶ್ಚರ್ಯವಿಲ್ಲ. ಇಲ್ಲೊಂದು ಸ್ವಾರಸ್ಯವನ್ನು ಹೇಳದೆ ಮುಂದೆ ಹೋಗಲಾರೆ. ಮೈಸೂರ ಕಡೆಯಿಂದ ಬಂದವರು ಟೀ ಎನ್ನುವುದನ್ನು ಧಾರವಾಡ, ಬೆಳಗಾವಿಯ ಕಡೆಯವರೂ ಮುಂಬಯಿಯ ನಾವೂ ಚಹಾ ಎನ್ನುತ್ತೇವೆ. ಚೀನದ ಫೂಚಿಯೆನ್ ಕರಾವಳಿಯಲ್ಲಿ ಆಡುವ ತೆ ಎಂಬ ಶಬ್ದ ಡಚ್ಚರ ಹಡಗುಗಳಲ್ಲಿ ಯೂರೋಪಿಗೆ ಹೋಗಿ ಟೀ ಆಯಿತು. ಚೀನದ ಉಳಿದ ಬಹುಭಾಗದಲ್ಲಿ ಬಳಕೆಯಲ್ಲಿರುವ ಚಾ ಎಂಬುದು ಪಶ್ಚಿಮ ಏಷ್ಯದ ಮತ್ತು ಪೋರ್ಚುಗೀಸರ ದಾರಿ ಹಿಡಿದು ನಮ್ಮ ಚಹಾ ಆಯಿತು. ಎಲೆ ಒಂದೇ, ಹೆಸರು ಎರಡು. ಕನ್ನಡ ಸಂಘದ ಸಭೆಯ ಕೊನೆಯಲ್ಲಿ ಒಂದೇ ಕಿಟ್ಟಲಿನಿಂದ ಬಗ್ಗಿಸಿದ್ದನ್ನು ಒಬ್ಬರು ಟೀ ಎಂದೂ ಇನ್ನೊಬ್ಬರು ಚಹಾ ಎಂದೂ ಕುಡಿಯುವಾಗ ಅವೆರಡೂ ಒಂದೆಯೆಂಬುದಕ್ಕೆ ಪ್ರಮಾಣ ಬೇಕಾಗುವುದಿಲ್ಲ. ಥೀನ್ ಕೆಫೀನುಗಳ ವಿಷಯದಲ್ಲಿ ಪ್ರಮಾಣ ಬೇಕಾಗಿದ್ದಿತು.

ಆ ಪ್ರಮಾಣವನ್ನು 1838ರಲ್ಲಿ ಇಬ್ಬರು ಬೇರೆ ಬೇರೆಯಾಗಿ ಒದಗಿಸಿದರು: ಸ್ಟುಟ್‌ಗಾರ್ಟಿನ ಯೋಬ್‌ಸ್ಟ್ ಮತ್ತು ಹಾಲೆಂಡಿನ ಮುಲ್ಡರ್. ಅದರ ಸ್ವರೂಪವೇನು? ಆಗ ಅಣುವಿನ ರಚನೆಯ ಕಲ್ಪನೆ ಇರಲಿಲ್ಲ. ಎರಡು ವಸ್ತುಗಳು ಒಂದೆಯೆಂದು ತೋರಿಸಲು ಇದ್ದ ಸಾಧನಗಳು ಎರಡೇ: ಬಾಹ್ಯಲಕ್ಷಣಗಳ ಹೋಲಿಕೆ ಮತ್ತು ಧಾತು ವಿಶ್ಲೇಷಣೆ. ಎರಡೂ ಕಹಿ, ಎರಡೂ ಸೂಜಿಯಂಥ ಹರಳು, ಎರಡೂ ಬಿಸಿಮಾಡಿದರೆ ಹರಳುನೀರನ್ನು ಕಳೆದುಕೊಳ್ಳುತ್ತವೆ, ಇನ್ನೂ ಬಿಸಿಮಾಡಿದರೆ ಕರಗುವ ಮೊದಲೇ ಆವಿಯಾಗಿ ಮೇಲೇರಿ ತಣ್ಣನೆಯ ಜಾಗದಲ್ಲಿ ಮತ್ತೆ ಹರಳುಗಟ್ಟುತ್ತವೆ. ಆದರೆ ಹೋಲಿಕೆಯೆಂಬುದು ಒಂದೇ ಎಂಬುದಕ್ಕೆ ಸಾಲದು. ಲೀಬಿಗ್ ಮತ್ತು ಪಾಫ್ ಇವರು 1832ರಲ್ಲಿಯೇ ಕಾಫಿಯ ಕೆಫೀನನ್ನು ಸುಟ್ಟು, ಅದರಲ್ಲಿ ಇಂಗಾಲ, ಜಲಜನಕ, ಸಾರಜನಕ, ಆಮ್ಲಜನಕಗಳು ಎಷ್ಟೆಷ್ಟು ಭಾಗ ಇವೆಯೆಂದು ಪ್ರಕಟಿಸಿದ್ದರು. ಚಹಾದ ಥೀನನ್ನು ಸುಟ್ಟಾಗ ಬಂದ ಅಂಕಿಗಳು ಆ ಅಂಕಿಗಳಿಗೆ ಹೊಂದಿಕೊಂಡುವು. ಇಂದಿನ ಲೆಕ್ಕದಲ್ಲಿ ಹೇಳುವುದಾದರೆ ಅಣುವೊಂದಕ್ಕೆ ಇಂಗಾಲ 8, ಜಲಜನಕ 10, ಸಾರಜನಕ 4, ಆಮ್ಲಜನಕ 2. ಅಲ್ಲಿಗೆ ಥೀನ್ ಎಂಬ ವಸ್ತು ಇಲ್ಲವಾಯಿತು. ಹೆಸರು ಮಾತ್ರ ಉಳಿಯಿತು. ಮಾಟುಂಗದ ಉಡುಪಿ ಹೋಟೆಲಿನ ಮೇಜಿನ ಎದುರಿಗೆ, ಕಾಫಿಯಲ್ಲಿರುವುದು ಕೆಫೀನ್, ಅದು ನಿದ್ದೆ ಕೆಡಿಸುತ್ತದೆ, ಚಹಾದಲ್ಲಿರುವುದು ಬೇರೆ, ಅದು ಸೌಮ್ಯ ಎಂದು ಅಧಿಕಾರವಾಣಿಯಿಂದ ನುಡಿಯುವ ಹಿರಿಯರನ್ನು ನಾನು ಕಂಡಿದ್ದೇನೆ. ಅವರು 1838ಕ್ಕೆ ಹಿಂದಿನ ಅಭಿಪ್ರಾಯವನ್ನು ಅನುಸರಿಸುತ್ತಿದ್ದಾರೆಂದು ಹೇಳುವ ಧೈರ್ಯ ನನಗೆ ಆಗಲಿಲ್ಲ.

ಮುಲ್ಡರನ ಬಗ್ಗೆ ಒಂದು ಮಾತು. ಪ್ರೋಟೀನ್ ಎಂಬ ಶಬ್ದವನ್ನು ಅದೇ 1838ರಲ್ಲಿ ಚಲಾವಣೆಗೆ ತಂದವನು ಇವನೇ. ಶಬ್ದವನ್ನು ಸೂಚಿಸಿದವನು ಬರ್ಝೀಲಿಯಸ್. ಎಲ್ಲ ಪ್ರೋಟೀನುಗಳಿಗೂ ಒಂದೇ ಮೂಲಘಟಕವಿದೆಯೆಂಬ ಅವನ ಸಿದ್ಧಾಂತ ಬಹುಕಾಲ ಬಾಳಲಿಲ್ಲ. ಅದರ ಸಲುವಾಗಿ ಲೀಬಿಗನೊಡನೆ ಕಟುವಾದ ಜಗಳವೂ ನಡೆಯಿತು. ಭಿನ್ನವಾದವುಗಳಲ್ಲಿ ಏಕತೆಯನ್ನು ಕಾಣುವ ಹಂಬಲ ಪ್ರೋಟೀನಿನಲ್ಲಿ ಅವನನ್ನು ದಾರಿತಪ್ಪಿಸಿತು, ಥೀನಿನಲ್ಲಿ ಗುರಿ ಮುಟ್ಟಿಸಿತು. ಲೀಬಿಗನೂ ಇದರಿಂದ ಹೊರತಲ್ಲ. 1842ರ ತನ್ನ ಪ್ರಾಣಿರಸಾಯನದ ಗ್ರಂಥದಲ್ಲಿ ಅವನು ಕಾಗದದ ಮೇಲೆ ಕೂಡಿ ಕಳೆದು, ಥೀನ್ ದೇಹದಲ್ಲಿ ಪಿತ್ತರಸದ ಘಟಕವಾಗಿ ಮಾರ್ಪಡಬಹುದೆಂದು ವಾದಿಸಿದನು. ಸಮೀಕರಣ ಸರಿಹೋಯಿತು, ಯಕೃತ್ತು ಅದನ್ನು ಒಪ್ಪಲಿಲ್ಲ.

ಈಗ ಪ್ರಮಾಣದ ವಿಷಯಕ್ಕೆ ಬರೋಣ. ಈ ಚರಿತ್ರೆಯಲ್ಲಿ ನನ್ನ ಮನಸ್ಸನ್ನು ಬಹಳವಾಗಿ ಹಿಡಿದ ಭಾಗವೇ ಇದು. ಚಹಾದಲ್ಲಿ ಥೀನ್ ಎಷ್ಟಿದೆ? ಮುಲ್ಡರನಿಗೆ ದೊರೆತದ್ದು ನೂರು ಭಾಗಕ್ಕೆ ಸುಮಾರು ಅರ್ಧ ಭಾಗ. 1843ರಲ್ಲಿ ಸ್ಟೆನ್‌ಹೌಸ್ ಎಂಬ ಸ್ಕಾಟಿಷ್ ರಸಾಯನಜ್ಞನಿಗೆ ದೊರೆತದ್ದು ಸುಮಾರು ಒಂದು ಭಾಗ. ಈತನು ಲೀಬಿಗನ ಶಿಷ್ಯ. ಇದ್ದಲಿನ ಉಸಿರುಮುಸುಕನ್ನು ನಿರ್ಮಿಸಿದವನೂ ಈತನೇ. ಕಷಾಯದಲ್ಲಿರುವ ಟ್ಯಾನಿನನ್ನು ಸೀಸದ ಅಸಿಟೇಟಿನಿಂದ ಗಸಿಯಾಗಿ ಕೆಳಗಿಳಿಸಿ, ಉಳಿದ ದ್ರವವನ್ನು ಬತ್ತಿಸಿ, ಒಣಗಿದ್ದನ್ನು ಕಾಸಿ ಥೀನನ್ನು ಆವಿರೂಪದಲ್ಲಿ ಮೇಲಕ್ಕೆಬ್ಬಿಸಿ ಹಿಡಿಯುವುದು ಅವನ ಕ್ರಮ. ಇಂದು ಉತ್ಪತನವೆಂದು ನಾವು ಮಾಡಿಸುವ ಹೆಜ್ಜೆಯೇ ಇದು. ಕೆಫೀನ್ 178 ಡಿಗ್ರಿ ಸೆಂಟಿಗ್ರೇಡಿನ ಸುಮಾರಿಗೆ ಉತ್ಪತಿಸುತ್ತದೆ, 235ರಿಂದ 238 ಡಿಗ್ರಿಯಲ್ಲಿ ಕರಗುತ್ತದೆ. ಶುದ್ಧಿಗೆ ಇದು ಒಳ್ಳೆಯ ಉಪಾಯ, ಪ್ರಮಾಣಕ್ಕೆ ಅಷ್ಟು ಒಳ್ಳೆಯದಲ್ಲ; ಕರಿಕಿನಲ್ಲಿ ಸಿಕ್ಕಿ ಹಾಳಾಗುವುದು ಎಷ್ಟೋ, ಗಾಳಿಗೆ ಹೋಗುವುದು ಎಷ್ಟೋ.

ಅದೇ 1843ರಲ್ಲಿ ಪ್ಯಾರಿಸಿನ ಪೆಲಿಗೋ ಈ ಪ್ರಶ್ನೆಯನ್ನು ಹಿಂದುಮುಂದಾಗಿ ತಿರುಗಿಸಿದನು. ಯುರೇನಿಯಂ ಲೋಹವನ್ನು ಮೊದಲು ಬೇರ್ಪಡಿಸಿದ ಪೆಲಿಗೋ ಈತನೇ. ಎಲೆಯಿಂದ ಥೀನನ್ನು ಹೊರತೆಗೆದು ತೂಗುವುದಕ್ಕೆ ಮೊದಲು, ಎಲೆಯಲ್ಲಿರುವ ಒಟ್ಟು ಸಾರಜನಕವನ್ನು ಅಳೆದರೆ ಹೇಗೆ? ಒಣಗಿದ ಚಹಾದಲ್ಲಿ ಸಾರಜನಕ ನೂರಕ್ಕೆ 6 ಭಾಗದ ಸುಮಾರಿಗೆ ಇದ್ದಿತು. ಕೆಫೀನಿನಲ್ಲಿ ಸಾರಜನಕ ನೂರಕ್ಕೆ 29 ಭಾಗ. ಎಲೆಯಲ್ಲಿ ಥೀನ್ ಅರ್ಧ ಭಾಗವೇ ಇದ್ದರೆ ಅದರ ಲೆಕ್ಕಕ್ಕೆ ಬರುವ ಸಾರಜನಕ ಹತ್ತರಲ್ಲಿ ಒಂದೂವರೆ ಭಾಗದಷ್ಟು, ಎಂದರೆ 0.15 ಮಾತ್ರ. ಉಳಿದದ್ದೆಲ್ಲ ಎಲ್ಲಿಯದು? ಒಂದೋ ಎಲೆಯಲ್ಲಿ ಸಾರಜನಕವುಳ್ಳ ಬೇರೆ ವಸ್ತುಗಳು ಇರಬೇಕು, ಅಥವಾ ಹಿಂದಿನವರು ಥೀನನ್ನು ಪೂರ್ತಿಯಾಗಿ ಹೊರತೆಗೆದಿರಲಾರರು. ಎರಡೂ ನಿಜವಾಯಿತು. ಹಿಂಡಿ ಬಿಸುಟ ಎಲೆಯಲ್ಲಿಯೇ ಹಾಲಿನ ಕೇಸೀನನ್ನು ಹೋಲುವ ಪದಾರ್ಥ ಹೇರಳವಾಗಿ ಉಳಿದಿದ್ದಿತು. ಆದರೆ ಹರಳುಗಳನ್ನು ಸೋಸಿ ತೆಗೆದ ಮೇಲೆ ಎಲ್ಲರೂ ಚೆಲ್ಲುತ್ತಿದ್ದ ದ್ರವದಲ್ಲಿಯೂ ಥೀನ್ ಇದ್ದಿತು. ಅದನ್ನೂ ಹಿಡಿದು ಕೂಡಿಸಿದಾಗ ಪೆಲಿಗೋಗೆ ಬಂದ ಪ್ರಮಾಣ ನೂರಕ್ಕೆ 2ರಿಂದ 3 ಭಾಗ. ಒಂದು ಹಸಿರು ಚಹಾದಲ್ಲಿ ಅವನ ಲೆಕ್ಕ 6ರ ಸಮೀಪಕ್ಕೆ ಏರಿತು. ಕೊನೆಯದು ಇಂದಿನ ಅಳತೆಗಳಿಗೆ ಹೋಲಿಸಿದರೆ ಹೆಚ್ಚೆಂದೇ ಹೇಳಬೇಕು, ಮಿಕ್ಕದ್ದು ಸರಿಯಾಗಿದೆ.

ಐದು ವರ್ಷಗಳ ಅಂತರದಲ್ಲಿ ಒಂದೇ ಎಲೆಯಲ್ಲಿ ಒಂದೇ ವಸ್ತುವಿನ ಪ್ರಮಾಣ ಐದಾರು ಮಡಿ ಹೆಚ್ಚಿತು. ಎಲೆ ಬದಲಾಗಲಿಲ್ಲ, ಕೈ ಬದಲಾಯಿತು. ಇಲ್ಲಿ ಗಮನಿಸಬೇಕಾದ ಸಂಗತಿಯೆಂದರೆ, ಮುಲ್ಡರನ ಅರ್ಧ ಭಾಗವೂ ಸ್ಟೆನ್‌ಹೌಸನ ಒಂದು ಭಾಗವೂ ಅಚ್ಚಿನಲ್ಲಿ ಇದ್ದುದರಿಂದಲೇ ಆ ಅಂಕಿಗಳಿಗೂ ಒಟ್ಟು ಸಾರಜನಕಕ್ಕೂ ಇರುವ ವೈಷಮ್ಯ ಪೆಲಿಗೋನ ಕಣ್ಣಿಗೆ ಬಿದ್ದಿತು. ಅವರಿಬ್ಬರೂ ತಮಗೆ ದೊರೆತದ್ದನ್ನು ಬಿಟ್ಟು, ದೊರೆಯಬೇಕೆಂದು ತೋರಿದ್ದನ್ನು ಬರೆದಿದ್ದರೆ ಆ ಪ್ರಶ್ನೆ ಏಳುವುದೇ ಕಷ್ಟವಾಗುತ್ತಿದ್ದಿತು.

ಇದನ್ನು ಬರೆಯುವಾಗ ನನ್ನ ಸ್ವಂತ ದಾಖಲೆಪುಸ್ತಕದ ನೆನಪು ಬಂದು ಲೇಖನಿ ತುಸು ತಡೆಯುತ್ತದೆ. ವಿದ್ಯಾರ್ಥಿದೆಸೆಯಲ್ಲಿ ಈ ನಗರದ ಒಂದು ಕಾಲೇಜಿನಲ್ಲಿ ನಾನೂ ಈ ಪ್ರಯೋಗವನ್ನು ಮಾಡಿದೆನು. 25 ಗ್ರಾಂ ಚಹಾದಿಂದ ನನಗೆ ದೊರೆತದ್ದು 0.19 ಗ್ರಾಂ. ಅವಸರದಲ್ಲಿ ಆಲಿಕೆಯನ್ನು ಜೋರಾಗಿ ಕುಲುಕಿದ್ದೆನು. ಕಷಾಯವೂ ಕ್ಲೋರೋಫಾರಮೂ ಮಜ್ಜಿಗೆಯಂತೆ ಬೆರೆತು ಗಂಟೆಹೊತ್ತು ಬೇರೆಯಾಗದೆ ನಿಂತಿದ್ದುವು. ಚಹಾದಲ್ಲಿ ಸೋಪಿನಂತೆ ನೊರೆಯೇಳಿಸುವ ಪದಾರ್ಥಗಳಿವೆ. ಆದುದರಿಂದಲೇ ಆಲಿಕೆಯನ್ನು ಮೆಲ್ಲನೆ ತೂಗಬೇಕೇ ಹೊರತು ಕುಲುಕಬಾರದೆಂದು ಪಾಠದಲ್ಲಿ ಹೇಳಿರುತ್ತಾರೆ, ಯಾರೂ ಕೇಳುವುದಿಲ್ಲ. ಅರ್ಧ ಗ್ರಾಂಗಿಂತ ಕಡಿಮೆ ಬಂದವರು ಮತ್ತೆ ಮಾಡಬೇಕೆಂಬ ನಿಯಮ ಅಲ್ಲಿತ್ತು. ಹಿಂದಿನ ವರ್ಷದವರ ಪುಸ್ತಕವೊಂದು ಬೆಂಚಿನಿಂದ ಬೆಂಚಿಗೆ ಸುತ್ತುತ್ತಿದ್ದಿತು. ಅದನ್ನು ನೋಡಿ 0.62 ಗ್ರಾಂ ಎಂದು ಬರೆದೆನು. ಪಕ್ಕದವನು ಅನುಮಾನ ಬಾರದಿರಲೆಂದು 0.59 ಎಂದು ಬರೆದನು. ಎರಡಕ್ಕೂ ಕೆಂಪು ಶಾಯಿಯ ಸಹಿ ಬಿದ್ದಿತು.

ಬಹುಕಾಲದ ಮೇಲೆ ಈ ಮೂವರ ಅಂಕಿಗಳನ್ನು ಒಂದೆಡೆ ಬರೆದುಕೊಂಡು ನೋಡಿದೆನು. 25 ಗ್ರಾಂ ಎಲೆಯ ಲೆಕ್ಕಕ್ಕೆ ಇಳಿಸಿದರೆ ಮುಲ್ಡರನದು ಸುಮಾರು 0.125 ಗ್ರಾಂ, ಸ್ಟೆನ್‌ಹೌಸನದು 0.25 ಗ್ರಾಂ. ನನ್ನ 0.19 ಅವರಿಬ್ಬರ ನಡುವೆ ಕುಳಿತಿದ್ದಿತು. ನಾನು ನಾಚಿ ಮರೆಮಾಡಿದ ಅಂಕಿ ಅದು! ಕದ್ದು ಬರೆದ 0.62 ಪೆಲಿಗೋನ ಸಾಲಿಗೆ ಸೇರಿದ್ದಿತು. ಚೆಲ್ಲಿದ ದ್ರವದಲ್ಲಿ ಏನು ಉಳಿದಿದೆಯೆಂದು ಅವನು ಕೇಳಿದಂತೆ ನಾನು ಕೇಳಬಹುದಾಗಿತ್ತು. ಕೇಳಲು ಸಾಧ್ಯವಿದ್ದ ಒಂದೇ ದಾರಿ ನನ್ನ ತೂಕವನ್ನು ನಿಜವಾಗಿ ಬರೆಯುವುದು. ಮತ್ತೆ ಮಾಡಬೇಕೆಂಬ ನಿಯಮ ಕಡಿಮೆ ತೂಕವನ್ನು ಅಪರಾಧವನ್ನಾಗಿಸಿತು, ಏಕೆ ಕಡಿಮೆಯಾಯಿತೆಂಬ ಪ್ರಶ್ನೆಯನ್ನು ಯಾರೂ ಕೇಳದಂತಾಯಿತು. ನಮ್ಮ ಪ್ರಯೋಗಶಾಲೆಗಳಲ್ಲಿ ಈ ಪದ್ಧತಿ ಎಷ್ಟು ಹಬ್ಬಿದೆಯೆಂಬುದನ್ನು ವಾಚಕರು ತಂತಮ್ಮ ಅನುಭವದಿಂದ ಬಲ್ಲರು.

ಮುಂದಿನ ಕಥೆಯನ್ನು ಬೇಗ ಹೇಳಿ ಮುಗಿಸಬಹುದು. ಕೆಫೀನಿಗೆ ಉತ್ಕರ್ಷಕ ಸೇರಿಸಿ ಬತ್ತಿಸಿ, ಅಮೋನಿಯದ ಹಬೆ ತೋರಿಸಿದರೆ ನೇರಿಳೆಗೆಂಪು ಬಣ್ಣ ಮೂಡುತ್ತದೆ; ವಿದ್ಯಾರ್ಥಿಗಳು ಇದನ್ನು ಮ್ಯೂರೆಕ್ಸೈಡ್ ಪರೀಕ್ಷೆಯೆಂದು ಬಲ್ಲರು. ಇಂಥದೇ ಬಣ್ಣ ಯೂರಿಕ್ ಆಮ್ಲದಿಂದ ಬರುವುದೆಂದು 1818ರಲ್ಲಿಯೇ ಪ್ರೌಟ್ ತೋರಿಸಿದ್ದನು. ಹಾವಿನ ಮಲದಲ್ಲಿ, ಮನುಷ್ಯನ ಮೂತ್ರಕೋಶದ ಕಲ್ಲಿನಲ್ಲಿ ಇರುವ ವಸ್ತುವಿಗೂ ಬೆಳಗಿನ ಕಾಫಿಗೂ ಏನು ಸಂಬಂಧವೆಂಬ ಸಂಶಯ ಹುಟ್ಟಿದ್ದು ಈ ಬಣ್ಣದಿಂದ. 1861ರಲ್ಲಿ ಸ್ಟ್ರೆಕರ್ ಕೋಕೋವಿನ ಥಿಯೋಬ್ರೋಮೀನಿಗೆ ಒಂದು ಮಿಥೈಲ್ ಗುಂಪನ್ನು ಸೇರಿಸಿ ಕೆಫೀನನ್ನು ಪಡೆದನು. 1875ರಲ್ಲಿ ಮೆಡಿಕಸ್ ಎಂಬವನು ಇವೆಲ್ಲಕ್ಕೂ ಒಂದೇ ಬಗೆಯ ರಚನೆಯನ್ನು ಊಹಿಸಿದನು. ಆ ಊಹೆ ಸರಿಯಾಗಿದ್ದಿತು. ಆದರೆ 1882ರಿಂದ ಈ ಕ್ಷೇತ್ರದಲ್ಲಿ ದುಡಿಯುತ್ತಿದ್ದ ಎಮಿಲ್ ಫಿಷರನು ಬೇರೆ ರಚನೆಯನ್ನು ಮುಂದಿಟ್ಟನು. 1895ರಲ್ಲಿ ಅವನೇ ಕೆಫೀನನ್ನು ಗಿಡದ ಹಂಗಿಲ್ಲದೆ ಪ್ರಯೋಗಶಾಲೆಯಲ್ಲಿ ಕಟ್ಟಿದನು. 1897ರಲ್ಲಿ ತನ್ನ ರಚನೆ ತಪ್ಪು, ಮೆಡಿಕಸನದೇ ಸರಿಯೆಂದು ಒಪ್ಪಿಕೊಂಡನು. 1902ರಲ್ಲಿ ಸಕ್ಕರೆಗಳ ಮತ್ತು ಪ್ಯೂರೀನುಗಳ ಸಂಯೋಜನೆಗಾಗಿ ಅವನಿಗೆ ನೊಬೆಲ್ ಪಾರಿತೋಷಕ ಬಂದಿತು. ಮೆಡಿಕಸನ ಹೆಸರು ಪಠ್ಯಪುಸ್ತಕಗಳಲ್ಲಿ ಕಾಣುವುದೇ ಅಪರೂಪ.

ಪ್ರಯೋಗದಲ್ಲಿ ಬಳಸುವ ದ್ರವಗಳಿಗೂ ಒಂದು ಚರಿತ್ರೆಯಿದೆ, ಅದು ಅಷ್ಟು ಹಿತಕರವಲ್ಲ. ಕೆಫೀನಿನ ಗುಣವೇ ಈ ಪ್ರಯೋಗವನ್ನು ಸುಲಭಗೊಳಿಸಿದೆ: ಕುದಿಯುವ ನೀರು 100 ಮಿಲಿಲೀಟರಿಗೆ 66 ಗ್ರಾಂನಷ್ಟು ಕರಗಿಸಿಕೊಂಡರೆ, ಆರಿದ ನೀರು 2 ಗ್ರಾಂ ಮಾತ್ರ ಹಿಡಿದಿಟ್ಟುಕೊಳ್ಳುತ್ತದೆ, ಕ್ಲೋರೋಫಾರಂ ಅಷ್ಟೇ ಅಳತೆಗೆ 18 ಗ್ರಾಂ ಹಿಡಿಯುತ್ತದೆ. ಟ್ಯಾನಿನ್ ಮಾತ್ರ ಕೆಫೀನಿನ ಬೆನ್ನು ಬಿಡುವುದಿಲ್ಲ. ಅದನ್ನು ನೀರಿನಲ್ಲಿಯೇ ಕಟ್ಟಿಹಾಕಲು ಸುಣ್ಣವನ್ನೋ ಸೋಡವನ್ನೋ ಹಾಕಬೇಕು. ಇದಕ್ಕೆ ಹಿಂದಿನವರು ಸೀಸದ ಅಸಿಟೇಟನ್ನು ಬಳಸಿದರು. ತರಗತಿಗಳಲ್ಲಿಯೂ ಅದು ಬಹುಕಾಲ ನಡೆಯಿತು. ಸೀಸದ ಗಸಿಯನ್ನು ತೊಟ್ಟಿಗೆ ಸುರಿದ ಕೈಗಳು ಎಷ್ಟೋ. ಬೆಂಜೀನನ್ನು ಬಳಸುವ ವಿಧಿಯೂ ಇದ್ದಿತು. 1906ರಲ್ಲಿ ಬ್ರೆಮೆನ್ನಿನಲ್ಲಿ ಲುಡ್‌ವಿಗ್ ರೋಸೆಲಿಯಸ್ ಸ್ಥಾಪಿಸಿದ ಕಂಪನಿ ಕೆಫೀನ್ ತೆಗೆದ ಕಾಫಿಯನ್ನು ಮಾರತೊಡಗಿದಾಗ, ಅದನ್ನು ತೆಗೆಯುತ್ತಿದ್ದುದು ಬೆಂಜೀನಿನಿಂದಲೇ. ನಿದ್ದೆ ಕೆಡಿಸದ ಕಾಫಿಯನ್ನು ಆರೋಗ್ಯಕ್ಕೆಂದು ಕೊಂಡವರು ಇದನ್ನು ತಿಳಿದಿರಲಿಲ್ಲ; ಬೆಂಜೀನ್ ರಕ್ತದ ಅರ್ಬುದವನ್ನು ತರುವ ವಸ್ತುವೆಂಬುದು ನಿಶ್ಚಿತವಾದದ್ದು ಆಮೇಲೆ. ಕ್ಲೋರೋಫಾರಂ ಹೋಗಿ ಡೈಕ್ಲೋರೋಮೀಥೇನ್ ಬಂದಿತು. 40 ಡಿಗ್ರಿಯಲ್ಲಿಯೇ ಕುದಿದು ಹೋಗುವ ಅದು ವಿದ್ಯಾರ್ಥಿಗಳಿಗೆ ಬಹಳ ಅನುಕೂಲ. 2024ರಲ್ಲಿ ಅಮೆರಿಕ ಸಂಯುಕ್ತ ಸಂಸ್ಥಾನದ ಪರಿಸರ ಇಲಾಖೆ ಇದರ ಬಹುತೇಕ ಬಳಕೆಗಳನ್ನು ನಿಷೇಧಿಸಿ, ಪ್ರಯೋಗಶಾಲೆಗಳಿಗೆ ಕಟ್ಟುನಿಟ್ಟಾದ ರಕ್ಷಣಾನಿಯಮಗಳೊಡನೆ ಅವಕಾಶವಿತ್ತಿತು.

ಹಾಗಾದರೆ ಹೊರತೆಗೆದ ಕೆಫೀನಿಗೆ ಪ್ರಯೋಗಶಾಲೆಯ ಹೊರಗೆ ಏನು ಗತಿ? ತಲೆನೋವಿನ ಗುಳಿಗೆಗಳಿಗೆ, ಲಘುಪಾನೀಯಗಳಿಗೆ ಅದು ಬೇಕು. ಚಹಾ ಕಾರ್ಖಾನೆಯ ನೆಲದಲ್ಲಿ ಗುಡಿಸಿ ತೆಗೆದ ಧೂಳು, ನಾರು, ಕಡ್ಡಿ ಇವು ಅದಕ್ಕೆ ಒಳ್ಳೆಯ ಮೂಲ. ಇದೇ ಕಸವನ್ನು ಒಳ್ಳೆಯ ಚಹಾದೊಡನೆ ಬೆರೆಸಿ ಮಾರುವ ಮೋಸವೂ ಉಂಟಾದ್ದರಿಂದ ಭಾರತ ಸರ್ಕಾರ 1959ರಲ್ಲಿ ಚಹಾಕಸದ ನಿಯಂತ್ರಣಕ್ಕೆಂದೇ ಒಂದು ಆಜ್ಞೆಯನ್ನು ಹೊರಡಿಸಿ, ಅದರ ಸಂಗ್ರಹಕ್ಕೂ ಮಾರಾಟಕ್ಕೂ ಪರವಾನೆ ಇರಬೇಕೆಂದು ವಿಧಿಸಿತು. ಆದರೆ ಗಿಡದ ಕೆಫೀನಿಗೆ ಕಾರ್ಖಾನೆಯಲ್ಲಿ ಯೂರಿಯದಿಂದ ಕಟ್ಟುವ ಕೆಫೀನ್ ಬಲವಾದ ಪ್ರತಿಸ್ಪರ್ಧಿಯಾಗಿ ನಿಂತಿತು.

ಇಲ್ಲಿ 1838ರ ಪ್ರಶ್ನೆ ಬೇರೊಂದು ವೇಷದಲ್ಲಿ ಮರಳಿ ಬಂದಿದೆ. ಎಲೆಯ ಕೆಫೀನೂ ಕಾರ್ಖಾನೆಯ ಕೆಫೀನೂ ಒಂದೆಯೆ? ಧಾತು ವಿಶ್ಲೇಷಣೆ, ಕರಗುವ ಬಿಂದು, ಮ್ಯೂರೆಕ್ಸೈಡ್ ಎಲ್ಲವೂ ಒಂದೆಯೆನ್ನುತ್ತವೆ. ನಾಲಗೆಯೂ ನರಗಳೂ ಒಂದೆಯೆನ್ನುತ್ತವೆ. ಆದರೂ ಜೀವಂತ ಗಿಡ ಗಾಳಿಯಿಂದ ಪಡೆದ ಇಂಗಾಲದಲ್ಲಿ ವಿಕಿರಣಶೀಲವಾದ ಇಂಗಾಲ 14 ಅತ್ಯಲ್ಪವಾಗಿ ಇರುತ್ತದೆ. ಭೂಗರ್ಭದ ಕಲ್ಲಿದ್ದಲು, ಎಣ್ಣೆಗಳಿಂದ ಬಂದ ಇಂಗಾಲದಲ್ಲಿ ಅದು ಕೋಟ್ಯಂತರ ವರ್ಷಗಳ ಹಿಂದೆಯೇ ನಶಿಸಿಹೋಗಿದೆ. ಆದುದರಿಂದ ಒಂದು ಪುಡಿ ಎಲೆಯಿಂದ ಬಂದದ್ದೋ ಅಲ್ಲವೋ ಎಂಬುದನ್ನು ಅಳೆದು ಹೇಳಬಹುದು. ಸ್ವಾಭಾವಿಕವೆಂದು ಹೆಚ್ಚಿನ ಬೆಲೆಗೆ ಮಾರುವವರನ್ನು ಹೀಗೆ ಪರೀಕ್ಷಿಸುವುದುಂಟು.

ಗಿಡಗಳ ನಂಟಸ್ತಿಕೆಯ ಮಾತು ಉಳಿದಿದೆ. ಗ್ವರಾನ, ಮಾಟೆ, ಕೋಲಾ ಬೀಜ ಹೀಗೆ ಒಂದರ ಮೇಲೊಂದರಲ್ಲಿ ಕೆಫೀನ್ ಸಿಕ್ಕುತ್ತ ಹೋದಂತೆ, ಪರಸ್ಪರ ಸಂಬಂಧವೇ ಇಲ್ಲದ ಗಿಡಗಳು ಇದನ್ನು ಹೇಗೆ ಕಲಿತವೆಂಬುದು ಒಗಟಾಗಿದ್ದಿತು. 2014ರಲ್ಲಿ ರೊಬಸ್ಟ ಕಾಫಿಯ ಜೀನೋಮು ಪ್ರಕಟವಾದಾಗ, ಕೆಫೀನನ್ನು ಕಟ್ಟುವ ಕಿಣ್ವಗಳು ಕಾಫಿಯಲ್ಲಿ ಹುಟ್ಟಿದ ಬಗೆ ಬೇರೆ, ಚಹಾ ಮತ್ತು ಕೋಕೋಗಳಲ್ಲಿ ಹುಟ್ಟಿದ ಬಗೆ ಬೇರೆಯೆಂದು ಕಂಡುಬಂದಿತು. ನಂಟರಾದ ಸಿಂಕೋನ ಮತ್ತು ಕಾಫಿಗಳು ಬೇರೆ ಬೇರೆ ಮದ್ದುಗಳನ್ನು ಮಾಡಿದುವು. ನಂಟಿಲ್ಲದ ಕಾಫಿ ಮತ್ತು ಚಹಾಗಳು ತಂತಮ್ಮ ದಾರಿಯಲ್ಲಿ ಒಂದೇ ಅಣುವಿಗೆ ಬಂದು ಸೇರಿದುವು. ಊದ್ರಿ ಎರಡು ಹೆಸರಿಟ್ಟದ್ದು ವಸ್ತುವಿನ ಮಟ್ಟಿಗೆ ತಪ್ಪು. ಅದು ಹುಟ್ಟಿದ ದಾರಿಯ ಮಟ್ಟಿಗೆ, ಅವನಿಗೆ ತಿಳಿಯದೆಯೇ, ಸರಿಯಾಗಿದ್ದಿತು.